ಸಾಲು ಉದ್ದವಾಯಿತು

ಬೆಳಿಗ್ಗೆ ಒಂದೇ ಕರೆಗೆ ಎದ್ದಿದ್ದ ಡೇಟಾಬೇಸ್ ಸರ್ವರ್, ಊಟ ಮುಗಿಸಿ ಬಂದು ಎಬ್ಬಿಸಿದರೆ ಏಳಲೊಲ್ಲದು. ಊಟವಾದ ಮೇಲೆ ನನಗೂ ಹಾಗೇ ಆಗುವುದರಿಂದ ಮೊದಲಿಗೆ ಸಿಟ್ಟು ಬರಲಿಲ್ಲ. ಕಪ್ಪು ಕಿಟಕಿಯಲ್ಲಿ ಒಂದೇ ಮಾತು: ‘ದಿ ಇನ್‌ಪುಟ್ ಲೈನ್ ಈಸ್ ಟೂ ಲಾಂಗ್.’ ಸಾಲು ಉದ್ದವಾಯಿತಂತೆ. ಯಾವ ಸಾಲು, ಎಷ್ಟು ಉದ್ದ, ಸುದ್ದಿಯೇ ಇಲ್ಲ. ನಾನೇ ಬರೆದ ಬ್ಯಾಚ್ ಫೈಲು ತೆರೆದರೆ ಒಳಗಿದ್ದವೆಲ್ಲ ಗೇಣುದ್ದದ ಸಾಲುಗಳು.

ಗುಟ್ಟು ಇದ್ದದ್ದು ಕ್ಲಾಸ್‌ಪಾತ್‌ನಲ್ಲಿ. ಜಾವಾದಲ್ಲಿ ಬರೆದ ಸರ್ವರ್. ತನ್ನ ಜಾರ್ ಫೈಲುಗಳು ಎಲ್ಲೆಲ್ಲಿವೆ ಎಂದು ಹೇಳದೆ ಅದು ಕದಲುವುದಿಲ್ಲ. (ಜಾರ್ ಎಂದರೆ ಉಪ್ಪಿನಕಾಯಿಯದ್ದಲ್ಲ, ಪ್ರೋಗ್ರಾಮು ತುಂಬಿಟ್ಟದ್ದು.) ಜಾರ್‌ಗಳು 40, ಒಂದೊಂದರ ವಿಳಾಸ ಸುಮಾರು 80 ಅಕ್ಷರ: 3200. ನನ್ನ ಸ್ಕ್ರಿಪ್ಟು ಪ್ರತಿ ಸಲವೂ ಇಡೀ ಪಟ್ಟಿಯನ್ನು ಹಳೆಯ ಪಟ್ಟಿಗೇ ಜೋಡಿಸುತ್ತಿತ್ತು. ಅದೇ ಕಿಟಕಿಯಲ್ಲಿ ಹನ್ನೊಂದು ಗಂಟೆಗೆ ಮತ್ತೊಮ್ಮೆ ಓಡಿಸಿದ್ದೆ: 6400. ಊಟದ ನಂತರ 9600. ವಿಂಡೋಸ್ ಎಕ್ಸ್‌ಪಿಯ ಕಮಾಂಡ್ ಪ್ರಾಂಪ್ಟ್ ಒಂದು ಸಾಲಿಗೆ ಕೊಡುವುದು 8191 ಅಕ್ಷರ. ವಿಂಡೋಸ್ 2000ದಲ್ಲಿ ಬರೀ 2047. ಅಲ್ಲಾಗಿದ್ದರೆ ಬೆಳಿಗ್ಗೆಯೂ ಏಳುತ್ತಿರಲಿಲ್ಲ.

ಹಳೆಯದನ್ನೆಲ್ಲ ಮತ್ತೆ ಮತ್ತೆ ಹೊತ್ತು ತರುವ ಈ ಚಾಳಿಯನ್ನು ಎಲ್ಲೋ ಕಂಡಿದ್ದೇನಲ್ಲ ಅನ್ನಿಸಿತು. ಸಾಗರದ ಸೋದರತ್ತೆ! ಹಾಸ್ಟೆಲಿಗೆ ಬರುತ್ತಿದ್ದ ಅವಳ ಇನ್‌ಲ್ಯಾಂಡ್ ಲೆಟರ್‌ಗಳು ‘ಹೋದ ಕಾಗದದಲ್ಲಿ ಬರೆದ ಹಾಗೆ’ ಎಂದೇ ಶುರು. ಗೌರಿ ಕರು ಹಾಕಿದ ಸುದ್ದಿ ಮೂರು ಕಾಗದಗಳಲ್ಲಿ ಬಂತು. ಮೂರನೆಯದರ ಹೊತ್ತಿಗೆ ಕರು ಹುಲ್ಲು ಮೇಯುತ್ತಿತ್ತು. ಹಾಗಂತ ಜಾಗ ಮುಗಿಯಿತೆಂದು ಅತ್ತೆ ಪೆನ್ನು ಮುಚ್ಚಿದವಳಲ್ಲ. ಸಾಲು ಅಂಚಿನಲ್ಲಿ ತಿರುಗಿ, ಮೇಲಕ್ಕೆ ಹತ್ತಿ, ತಲೆಕೆಳಗಾಗಿ ಅಂಟು ಹಚ್ಚುವ ಮಡಿಕೆಯವರೆಗೂ ನಡೆಯುತ್ತಿತ್ತು. ಕಾಗದ ತಿರುಗಿಸಿ ತಿರುಗಿಸಿ ಓದುವ ನನ್ನನ್ನು ನೋಡಿ, ಇವನು ಬಸ್ಸು ಓಡಿಸಲು ಕಲಿಯುತ್ತಿದ್ದಾನೆ ಎಂದು ರೂಮಿನವರು ನಗುತ್ತಿದ್ದರು.

ಸ್ಕ್ರಿಪ್ಟಿನ ಮದ್ದು ಸುಲಭ. ಶುರುವಿನಲ್ಲೇ ‘ಸೆಟ್‌ಲೋಕಲ್’ ಎಂದು ಬರೆದರಾಯಿತು. ಓಟ ಮುಗಿದ ಕೂಡಲೇ ಸೇರಿಸಿಕೊಂಡದ್ದನ್ನೆಲ್ಲ ಮರೆತುಬಿಡುತ್ತದೆ. ಬರೆದೆ, ಹೊಸ ಕಿಟಕಿ ತೆರೆದೆ, ಎದ್ದಿತು. ಈಗ ದಿನಕ್ಕೆ ಹತ್ತು ಸಲ ಎಬ್ಬಿಸಿದರೂ ಗುರುತೇ ಇಲ್ಲದವರ ಹಾಗೆ ಕಣ್ಣು ಬಿಡುತ್ತದೆ.

ಅತ್ತೆಯ ಕೊನೆಯ ಕಾಗದ ನನ್ನ ಹತ್ತಿರ ಇನ್ನೂ ಇದೆ. ‘ಅಪ್ಪೆಮಿಡಿ ಕಳಿಸಿದ್ದೇನೆ, ಜಾಡಿಯ ಬಾಯಿಗೆ’ ಎನ್ನುವವರೆಗೆ ಓದಬಹುದು. ಮುಂದಿನದು ಮಡಿಕೆಯ ಅಂಟಿನಲ್ಲಿ ಸಿಕ್ಕಿತ್ತು. ಒಡೆಯುವ ಆತುರದಲ್ಲಿ ನಾನೇ ಹರಿದುಬಿಟ್ಟೆ.