ರಸೀದಿ ಯಾರ ಹೆಸರಿನ್ಯಾಗ ಅದ?

ಹೋದ ಸಲ ರವಾದ ಡಬ್ಬಿಗೆ ಹುಳಾ ಬೀಳದ್ಹಂಗ ಇಡೋದು ಹೆಂಗ ಅಂತ ಬರದಿದ್ದೆ. ಈ ಸಲದ್ದು ಅಡಗಿ ಮನಿ ಮಾತಲ್ಲ, ಕಂಪ್ಯೂಟರಿನ ಮಾತು. "ಪಿಯುಸಿ ಓದಿದಾಕಿ ಕಂಪ್ಯೂಟರ್ ರಿಪೇರಿ ಹೇಳಿಕೊಡ್ತಾಳಂತ" ಅಂತ ನಗಬ್ಯಾಡ್ರಿ. ಇದಕ್ಕ ಸ್ಕ್ರೂಡ್ರೈವರ್ ಬೇಕಾಗಂಗಿಲ್ಲ. ಯಾವ ಸಾಮಾನು ಯಾರ ಹೆಸರಿನ್ಯಾಗ ಅದ ಅಂತ ಗುರ್ತ ಹಿಡಿದ್ರ ಅರ್ಧಾ ಕೆಲಸ ಮುಗೀತು. ಆ ಲೆಕ್ಕ ಇಡೋದ್ರಾಗ ನಾವು ಮನಿ ಹೆಣ್ಣುಮಕ್ಕಳು ಯಾರಿಗೂ ಕಡಿಮಿ ಇಲ್ಲ.

ಸುದ್ದಿ ನನ್ನ ಮಗಳ ಲ್ಯಾಪ್‌ಟಾಪಿಂದು. ಅಕಿನ್ನ ಕೇಳೇ ಬರೀಲಿಕ್ಕತ್ತೇನಿ. "ಬರೀ ಅವ್ವ, ನನ್ನಂಥಾ ಇನ್ನೊಬ್ಬಾಕಿಗೆ ಉಪಯೋಗ ಆದ್ರ ಆಗಲಿ. ಆದ್ರ ಯಾರನ್ನೂ ಬೈಬ್ಯಾಡ" ಅಂದಾಳ. ಅದಕ್ಕ ಬೈಯಂಗಿಲ್ಲ.

ಅಕಿ ನಮ್ಮ ಮನಿಗೆ ತಿರುಗಿ ಬಂದು ಒಂದು ವರ್ಷದ ಮ್ಯಾಲಾತು, ನಿಮಗೆಲ್ಲಾ ಗೊತ್ತದ. ಇಬ್ಬರೂ ಒಪ್ಪಿ ಬ್ಯಾರೆ ಆಗ್ಯಾರ, ಕೋರ್ಟಿನ ಕಾಗದಾನೂ ಕೈಗೆ ಬಂದದ. ಬರೋವಾಗ ಎರಡು ಸೂಟ್‌ಕೇಸು, ಒಂದು ಲ್ಯಾಪ್‌ಟಾಪು ತಂದಿದ್ಳು. ಲ್ಯಾಪ್‌ಟಾಪು ತನ್ನ ಪಗಾರದಾಗ ತೊಗೊಂಡದ್ದು, ಮ್ಯಾಕ್. ಈಗ ಅದರ ಮ್ಯಾಲೆ ಸಂಜಿಮುಂದ ಪಿಯುಸಿ ಹುಡುಗರಿಗೆ ಆನ್‌ಲೈನ್‌ನ್ಯಾಗ ಗಣಿತ ಹೇಳಿಕೊಡ್ತಾಳ. ಪಾಠ ತೋರಸಲಿಕ್ಕೆ ಕೀನೋಟ್, ಫೀ ಮತ್ತ ಹಾಜರಿ ಲೆಕ್ಕಕ್ಕ ನಂಬರ್ಸ್. ಅಕಿ ಕೈಖರ್ಚು, ವಕೀಲರ ಬಾಕಿ ಫೀ, ಎಲ್ಲಾ ಈ ಪಾಠದ ಮ್ಯಾಲೇ ನಡೀತಾವ.

ತ್ರಾಸ ಏನಂದ್ರ, ಆ ಆ್ಯಪ್‌ಗಳಿಗೆ ಅಪ್‌ಡೇಟ್ ಬಂದಾಗ ಒತ್ತಿದ್ರ ಪಾಸ್‌ವರ್ಡ್ ಕೇಳತಿತ್ತು. ಕೇಳೋದು ಅಕಿ ಪಾಸ್‌ವರ್ಡ್ ಅಲ್ಲ, ಅವರದು. ಪರದೆ ನಡುವ ಅವರ ಇಮೇಲ್ ವಿಳಾಸ ಬಂದು ನಿಂದರತಿತ್ತು. ಮದುವಿ ಆದ ಹೊಸದಾಗ ಡಬ್ಬಿ ಒಡದು ಲ್ಯಾಪ್‌ಟಾಪು ಜೋಡಿಸಿಕೊಟ್ಟವರು ಅವರೇ. ಆ್ಯಪ್ ಸ್ಟೋರಿನ್ಯಾಗ ತಮ್ಮ ಅಕೌಂಟ್ ಹಾಕಿ ಬೇಕಾದದ್ದೆಲ್ಲಾ ಇಳಿಸಿಕೊಟ್ಟಿದ್ರು. ಅದರಾಗ ಕೆಟ್ಟದ್ದೇನೂ ಇರ್ಲಿಲ್ಲ. ಒಂದ ಮನ್ಯಾಗ ಇದ್ದಾಗ ಯಾರ ಹೆಸರಾದ್ರೇನು ಅಂತ ಯಾರೂ ವಿಚಾರ ಮಾಡಂಗಿಲ್ಲ.

ಪಾಸ್‌ವರ್ಡ್ ಒಂದ ಗೊತ್ತಿದ್ರೂ ಸಾಲಂಗಿಲ್ರಿ. ಆಮ್ಯಾಲೆ ಆರು ಅಂಕಿ ಕೋಡ್ ಕೇಳತದ, ಅದು ಹೋಗೋದು ಅವರ ಫೋನಿಗೆ. ಅಂದ್ರ ಒಂದೊಂದು ಅಪ್‌ಡೇಟಿಗೂ ಮಗಳು ಅವರಿಗೆ ಫೋನ್ ಹಚ್ಚಿ "ಕೋಡ್ ಹೇಳ್ರಿ" ಅನಬೇಕು. ಅಕಿ ಅನಲಿಲ್ಲ. "ಆಮ್ಯಾಲೆ ನೋಡೂಣು" ಅಂತ ಒತ್ತಿ ಒತ್ತಿ ತಿಂಗಳುಗಟ್ಟಲೆ ದೂಡಿದ್ಳು. ಕಡೀಕೆ ಒಂದು ದಿನ ಅಕಿ ಜೋಡಿ ಪಾಠ ಮಾಡೋ ಇನ್ನೊಬ್ಬ ಟೀಚರ್ ಹುಡುಗರ ಮಾರ್ಕ್ಸಿನ ಫೈಲ್ ಕಳಿಸಿದ್ರು. ಅದನ್ನ ಹೊಸಾ ನಂಬರ್ಸಿನ್ಯಾಗ ಮಾಡಿದ್ದು, ಇಕಿ ಹಳೇ ನಂಬರ್ಸಿನ್ಯಾಗ ತೆರೀಲೇ ಇಲ್ಲ. ಮರುದಿನ ತಂದಿತಾಯಿಗಳಿಗೆ ಮಾರ್ಕ್ಸ್ ಹೇಳೋದಿತ್ತು.

ಬುದ್ಧಿ ಹೇಳೋರಿಗೇನು ಕಡಿಮಿ. "ಒಂದು ಫೋನ್ ಮಾಡಿ ಕೇಳಿಬಿಡ್ರಿ, ಅದರಾಗೇನದ" ಅಂದ್ರು ಒಬ್ಬರು. ಪ್ಯಾಟ್ಯಾಗಿನ ಒಂದು ಅಂಗಡಿಯವರು "ಪೂರಾ ಅಳಿಸಿ ಹೊಸದಾಗಿ ಹಾಕ್ತೇವಿ, ಒಳಗಿನ ಫೈಲ್‌ಗಳ ಗ್ಯಾರಂಟಿ ಇಲ್ಲ" ಅಂದ್ರು. ಅಕಿ ಎರಡಕ್ಕೂ ಹೂಂ ಅನಲಿಲ್ಲ, ಆ ರಾತ್ರಿ ಊಟಾನೂ ಸರಿ ಮಾಡಲಿಲ್ಲ. ತನ್ನ ರೊಕ್ಕದ ಸಾಮಾನು, ತನ್ನ ದುಡಿಮಿ, ಅದರ ಬಾಗಿಲ ತೆರೀಲಿಕ್ಕೆ ಇನ್ನೊಬ್ಬರ ಅಪ್ಪಣಿ ಬೇಕು ಅಂದ್ರ ಯಾವ ಹುಡುಗಿಗೆ ತುತ್ತು ಇಳೀತದ ಹೇಳ್ರಿ.

ಮರುದಿನ ಮುಂಜಾನೆ ತಾಯಿ ಮಗಳು ಇಬ್ಬರೂ ಕೂತ್ವಿ. ಅಕಿ ಇಂಗ್ಲಿಷ್ ಸಹಾಯದ ಪುಟಗಳನ್ನ ಓದಿ ಹೇಳತಿದ್ಳು, ನಾ ನನ್ನ ಲೆಕ್ಕದ ವಹಿಯೊಳಗ ಬರಕೋತ ಹೋದೆ. ಬರದಿದ್ದನ್ನ ನಿಮಗೂ ಹೇಳ್ತೇನಿ.

ಮೊದಲ ತಿಳೀಬೇಕಾದ್ದು, ಒಂದು ಮ್ಯಾಕಿನ್ಯಾಗ ಮೂರು ಹೆಸರು ಇರತಾವ. ಒಂದು, ಲ್ಯಾಪ್‌ಟಾಪು ತೆರದಾಗ ಪಾಸ್‌ವರ್ಡ್ ಹಾಕಿ ಒಳಗ ಹೋಗೋ ಹೆಸರು. ಇದು ಮನಿ ಕೀಲಿ ಇದ್ದಂಗ. ಎರಡು, ಸೆಟ್ಟಿಂಗ್ಸಿನ್ಯಾಗ ಎಲ್ಲಾಕ್ಕಿಂತ ಮ್ಯಾಲೆ ಕಾಣೋ ಆ್ಯಪಲ್ ಅಕೌಂಟಿನ ಹೆಸರು. ಫೋಟೋ, ಐಕ್ಲೌಡ್ ಎಲ್ಲಾ ಇದರ ಕೈಯಾಗ. ಮೊದಲ ಇದಕ್ಕ ಆ್ಯಪಲ್ ಐಡಿ ಅಂತಿದ್ರು, 2024ರಾಗ ಆ್ಯಪಲ್ ಅಕೌಂಟ್ ಅಂತ ಹೆಸರು ಬದಲಿ ಮಾಡಿದ್ರು. ಮೂರು, ಆ್ಯಪ್ ಸ್ಟೋರಿಗೆ ಹಾಕಿದ ಅಕೌಂಟ್. ಇದು ಕಿರಾಣಿ ಅಂಗಡಿ ಖಾತೆ ಇದ್ದಂಗ. ಎರಡನೇದ್ದು ಮೂರನೇದ್ದು ಒಂದೇ ಇರಬೇಕಂತಿಲ್ಲ. ನಮ್ಮಲ್ಲೆ ಮೊದಲನೇ ಎರಡೂ ಮಗಳ ಹೆಸರಿನ್ಯಾಗ ಇದ್ವು, ಮೂರನೇದ್ದು ಒಂದ ಅವರದು.

ಆ್ಯಪ್ ಸ್ಟೋರಿನಿಂದ ಏನು ಇಳಿಸಿಕೊಂಡ್ರೂ, ಪುಕ್ಕಟೆದ್ದಿದ್ರೂ, ಅದರ ಹೊಟ್ಟಿಯೊಳಗ ಒಂದು ರಸೀದಿ ಇರತದ. ಯಾವ ಅಕೌಂಟಿನಿಂದ ಇಳಿಸಿದ್ರೋ ರಸೀದಿ ಆ ಅಕೌಂಟಿಂದು. ಮುಂದ ಅಪ್‌ಡೇಟ್ ಬಂದ್ರ ಆ ಖಾತೆಯವರನ್ನೇ ಕೇಳತದ. ಗ್ಯಾಸ್ ಸಿಲಿಂಡರ್ ತಂದಾವ ಕೋಡ್ ಕೇಳಿದಾಗ, ಬುಕ್ಕಿಗೆ ಯಾರ ನಂಬರ್ ಕೊಟ್ಟಿರತೇವೋ ಅವರ ಫೋನಿಗೇ ಬರತದಲ್ಲಾ, ಅದೇ ಲೆಕ್ಕ. ನಿಯಮ ತಪ್ಪೇನಲ್ಲ, ಹೆಸರು ಬದಲಿ ಆಗಬೇಕು ಅಷ್ಟ. ಆದ್ರ ರಸೀದಿ ಒಳಗಿನ ಹೆಸರು ಕಾಟು ಹಾಕಿ ತಿದ್ದಲಿಕ್ಕೆ ಬರಂಗಿಲ್ಲ. ಹಳೇ ಆ್ಯಪ್ ತಗದು, ತನ್ನ ಖಾತೆಯಿಂದ ಹೊಸದು ತರಬೇಕು.

ಇನ್ನ ನಾವು ಮಾಡಿದ ಕೆಲಸ. ಮೊದಲ ಫೈಲ್‌ಗಳನ್ನೆಲ್ಲಾ ಪೆನ್‌ಡ್ರೈವಿಗೆ ನಕಲು ಮಾಡಿದ್ವಿ. ಮ್ಯಾಕಿನ್ಯಾಗ ನಂಬರ್ಸ್ ತಗದು ಒಗದ್ರೂ ಅದರಾಗ ಮಾಡಿದ ಲೆಕ್ಕದ ಫೈಲ್ ಡಾಕ್ಯುಮೆಂಟ್ಸಿನ್ಯಾಗ ಹಂಗ ಉಳೀತದ, ಪಾತ್ರೆ ಬದಲಿ ಮಾಡಿದ್ರ ಸಾರು ಎಲ್ಲೂ ಹೋಗಂಗಿಲ್ಲ. ಆದ್ರೂ ಒಂದು ನಕಲು ಇದ್ರ ಎದಿ ಡವಡವ ಅನ್ನಂಗಿಲ್ಲ.

ಆಮ್ಯಾಲೆ ಆ್ಯಪ್ ಸ್ಟೋರ್ ತೆರದು, ಎಡಗಡೆ ಕೆಳಗ ಯಾರ ಹೆಸರದ ನೋಡಿದ್ವಿ. ಮ್ಯಾಲಿನ ಪಟ್ಟಿಯೊಳಗ ಸ್ಟೋರ್ ಅಂತ ಇರತದ, ಅದರಾಗ ಸೈನ್ ಔಟ್ ಒತ್ತಿದ್ವಿ. ಅವರ ಹೆಸರು ಹೋತು. ಮಗಳು ತನ್ನ ಅಕೌಂಟ್ ಹಾಕಿದ್ಳು. ಬರೇ ಇಷ್ಟಕ್ಕ ಅಪ್‌ಡೇಟ್ ಆಗಂಗಿಲ್ರಿ, ಆ್ಯಪಿನ ಹೊಟ್ಟಿಯೊಳಗ ಹಳೇ ರಸೀದಿ ಇನ್ನೂ ಇರತದಲ್ಲಾ. ಫೈಂಡರಿನ್ಯಾಗ ಅಪ್ಲಿಕೇಶನ್ಸ್ ಅನ್ನೋದರಾಗ ಹೋಗಿ, ನಂಬರ್ಸ್ ಮತ್ತ ಕೀನೋಟ್ ಎರಡನ್ನೂ ಕಸದ ಬುಟ್ಟಿಗೆ ಹಾಕಿದ್ವಿ. ಅದು ಕೇಳೋದು ಲ್ಯಾಪ್‌ಟಾಪಿನ ಪಾಸ್‌ವರ್ಡ್, ಅಂದ್ರ ಮನಿ ಕೀಲಿ. ಅದು ಮಗಳದೇ. ಬುಟ್ಟಿ ಖಾಲಿ ಮಾಡಿ, ಒಂದ ಸಲ ಬಂದ್ ಮಾಡಿ ಚಾಲೂ ಮಾಡಿದ್ವಿ. ತಿರುಗಿ ಆ್ಯಪ್ ಸ್ಟೋರಿನ್ಯಾಗ ಹುಡುಕಿ ಇಳಿಸಿಕೊಂಡ್ವಿ. ನಂಬರ್ಸ್, ಕೀನೋಟ್, ಪೇಜಸ್ ಈ ಮೂರೂ 2017ರಿಂದ ಮ್ಯಾಕ್ ಇದ್ದವರೆಲ್ಲಾರಿಗೂ ಪುಕ್ಕಟೆ ಸಿಗತಾವ, ರೊಕ್ಕ ಬೀಳಲಿಲ್ಲ.

ಕೀನೋಟ್ ಹೊಸದಾಗಿ ಬಂತು, ಆದ್ರ ನಂಬರ್ಸ್ ಮತ್ತ ಅದೇ ಹಳೇ ಇಮೇಲ್ ತೋರಿಸಿತು! ಮಗಳ ಮಾರಿ ಮತ್ತ ಸಣ್ಣದಾತು. ಅರ್ಧಾ ತಾಸು ಹುಡುಕಿದ ಮ್ಯಾಲೆ ಗೊತ್ತಾತು, ಬಾಜೂಕ ಹಚ್ಚಿದ್ದ ಹಾರ್ಡ್ ಡಿಸ್ಕಿನ್ಯಾಗ ನಂಬರ್ಸಿನ ಇನ್ನೊಂದು ಹಳೇ ನಕಲು ಕೂತಿತ್ತು. ಮ್ಯಾಕ್ ಆ ನಕಲನ್ನೂ ಹುಡುಕಿ ಹಿಡಿದು "ಇದಕ್ಕೂ ಅಪ್‌ಡೇಟ್ ಬೇಕಲ್ಲಾ" ಅಂತಿತ್ತು. ಅದನ್ನ ಅಳಿಸಿ, ಡಿಸ್ಕ್ ತಗದು, ಮತ್ತ ಮಾಡಿದ್ವಿ. ಬಂತು. ಮಾರ್ಕ್ಸಿನ ಫೈಲ್ ತೆರೀತು. ಸಂಜಿಮುಂದ ಆರಕ್ಕ ತಂದಿತಾಯಿಗಳ ಜೋಡಿ ಮಾತಾಡೋದಿತ್ತು, ಮಾತಾಡಿದ್ಳು.

ಒಂದು ಆ್ಯಪ್ ಮಾತ್ರ ಹೋತು. ಅದು ರೊಕ್ಕ ಕೊಟ್ಟು ತೊಗೊಂಡದ್ದು, ಅವರ ಖಾತೆಯಿಂದ. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕೊಂಡದ್ದನ್ನ ದಾಟಸಲಿಕ್ಕೆ ಬರಂಗಿಲ್ಲ. ಹೊಸದಾಗಿ ಕೊಳ್ಳಬೇಕು, ಇಲ್ಲಾ ಬಿಡಬೇಕು. "ಬಿಡ್ತೇನಿ ಅವ್ವ, ಅದು ಅವರ ರೊಕ್ಕದ್ದು" ಅಂತ ಅಕಿನೇ ಅಳಿಸಿದ್ಳು. ಆ ಮಾತು ನನಗ ಭಾಳ ಸೇರಿತು. ತನ್ನದು ತನಗ ಬೇಕು, ಅವರದು ತನಗ ಬ್ಯಾಡ, ಎರಡೂ ಅಷ್ಟ ಸ್ಪಷ್ಟ.

ನಿಮ್ಮ ಮನ್ಯಾಗೂ ಇಂಥಾ ಪ್ರಸಂಗ ಇದ್ರ ಮೂರು ಎಚ್ಚರ ಹೇಳ್ತೇನಿ.

ಸೆಟ್ಟಿಂಗ್ಸಿನ ಮ್ಯಾಲಿನ ಹೆಸರೇ ಇನ್ನೊಬ್ಬರದಿದ್ರ, ಅಂದ್ರ ಎರಡನೇದ್ದೂ ಅವರದ ಇದ್ರ, ಅದು ದೊಡ್ಡ ವಿಷಯ. ಅದರಾಗ ಫೈಂಡ್ ಮೈ ಅಂತ ಒಂದು ಇರತದ. ಅದು ಚಾಲೂ ಇದ್ರ ಲ್ಯಾಪ್‌ಟಾಪು ಎಲ್ಲದ ಅಂತ ಆ ಅಕೌಂಟಿನವರಿಗೆ ಕಾಣತದ, ದೂರದಿಂದನ ಕೀಲಿ ಹಾಕಲಿಕ್ಕೂ ಬರತದ. ಅದನ್ನ ಬಂದ್ ಮಾಡಲಿಕ್ಕೆ ಅವರದೇ ಪಾಸ್‌ವರ್ಡ್ ಬೇಕು. ಇಂಥಾದ್ದನ್ನ ಬ್ಯಾರೆ ಆಗೋ ಮಾತುಕತಿ ನಡದಾಗಲೇ, ಬಂಗಾರ ಪಾತ್ರೆಪಗಡ ಲೆಕ್ಕ ಹಾಕೋ ಹೊತ್ತಿಗೇ ಬಗಿಹರಿಸಿಕೊಳ್ರಿ. ಸೈನ್ ಔಟ್ ಮಾಡೋಕಿಂತ ಮೊದಲ ಐಕ್ಲೌಡಿನ್ಯಾಗಿನ ನಿಮ್ಮ ಫೈಲು ಫೋಟೋ ನಕಲು ಮಾಡಿಕೊಳ್ರಿ.

ಎರಡನೇದ್ದು, ಈ ಅಳಿಸಿ ತರೋ ಕೆಲಸಾನ ಐಫೋನಿನ್ಯಾಗ ಕಣ್ಣು ಮುಚ್ಚಿ ಮಾಡಬ್ಯಾಡ್ರಿ. ಫೋನಿನ್ಯಾಗ ಆ್ಯಪ್ ಅಳಿಸಿದ್ರ ಅದರ ಒಳಗ ಇಟ್ಟದ್ದೂ ಅಳಿಸಿ ಹೋಗತದ. ಬ್ಯಾಕಪ್ ಮೊದಲ, ಉಳಿದದ್ದು ಆಮ್ಯಾಲೆ.

ಮೂರನೇದ್ದು, ಆ್ಯಪ್ ಸ್ಟೋರಿನಿಂದ ಬರದ, ಕಂಪನಿ ವೆಬ್‌ಸೈಟಿನಿಂದ ಸೀದಾ ಇಳಿಸಿದ ಆ್ಯಪ್‌ಗಳಿಗೆ ಈ ರಸೀದಿ ತಕರಾರು ಇರಂಗಿಲ್ಲ. ಅವನ್ನ ಸುಮ್ಮಸುಮ್ಮನ ಅಳಸಬ್ಯಾಡ್ರಿ.

ಇದನ್ನ ಓದಿ "ನಮ್ಮ ಮನ್ಯಾಗ ಎಲ್ಲಾ ಛೊಲೋ ಅದ, ನಮಗ್ಯಾಕ ಇದು" ಅಂತ ಅನ್ನೋರೂ ಇರ್ತೀರಿ. ಛೊಲೋನ ಇರಲಿ, ದೇವರು ಹಂಗ ಇಡಲಿ. ಆದ್ರ ನಮ್ಮಾಗ ಎಷ್ಟೋ ಜನರ ಫೋನಿಗೆ ಮಗಂದೋ ಅಳಿಯಂದೋ ಇಮೇಲ್ ಹಾಕಿರತದ. ಮಗ ಪಾಸ್‌ವರ್ಡ್ ಬದಲಿ ಮಾಡಿ ದುಬೈಗೆ ಹೋದ್ರ, ಇಲ್ಲೆ ತಾಯಿ ಫೋನು ಕೈಯಾಗ ಹಿಡಕೊಂಡು ಕೂಡಬೇಕಾಗತದ. ಜಗಳ ಆಗಿಯೇ ಬೇಕಂತಿಲ್ಲ. ಆಂಡ್ರಾಯ್ಡ್ ಫೋನಿದ್ರ ಪ್ಲೇ ಸ್ಟೋರ್ ತೆರದು ಮ್ಯಾಲೆ ಬಲಗಡೆ ಇರೋ ದುಂಡನೆ ಚಿತ್ರ ಒತ್ತಿ ನೋಡ್ರಿ, ಯಾರ ಹೆಸರದ ಗೊತ್ತಾಗತದ. ನಿಮ್ಮದಲ್ಲಂದ್ರ ನಿಮ್ಮ ಹೆಸರಿಂದೊಂದು ಇಮೇಲ್ ಮಾಡಿಸ್ರಿ, ಅದಕ್ಕ ನಿಮ್ಮ ನಂಬರೇ ಕೊಡ್ರಿ, ಪಾಸ್‌ವರ್ಡ್ ಒಂದು ವಹಿಯೊಳಗ ಬರದು ಬಂಗಾರ ಇಡೋ ಕಡೆ ಇಡ್ರಿ.

ಒಬ್ಬರಿಗೇ ಮಾಡ್ಲಿಕ್ಕೆ ಅಂಜಿಕಿ ಅನಸಿದ್ರ ಐತವಾರ ಮಧ್ಯಾಹ್ನ ನಮ್ಮ ಮನಿಗೆ ಬರ್ರಿ. ಮಗಳಿಗೆ ಆವತ್ತು ಪಾಠ ಇರಂಗಿಲ್ಲ. ಅಕಿ ಫೋನ್ ನೋಡತಾಳ, ನಾ ಚುರಮುರಿ ಹಚ್ಚತೇನಿ.