ಇಂಡಿ ಹುಡುಗಿ, ಐಸ್ ಮೇಲೆ

ನಮ್ಮ ಇಂಡಿ ಕಡೆ ಐಸ್ ಅಂದ್ರೆ ಎರಡೇ: ಬೇಸಿಗೆಯಲ್ಲಿ ಸೈಕಲ್ ಮೇಲೆ ಬರೋ ಐಸ್‌ಕ್ಯಾಂಡಿ, ಲಿಂಬು ಶರಬತ್ತಿಗೆ ಹಾಕೋ ತುಂಡು. ಅದರ ಮೇಲೆ ನಿಲ್ಲಬಹುದು ಅಂತ ಗೊತ್ತಾಗಿದ್ದು ಟಿವಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನೋಡಿದಾಗ. ನಾನೇ ನಿಂತಿದ್ದು 29ನೇ ವಯಸ್ಸಿಗೆ, ಕೆಲಸಕ್ಕಂತ ಗುರುಗ್ರಾಮಕ್ಕೆ ಬಂದ ಮೇಲೆ. ಶಿಮ್ಲಾದಲ್ಲಿ 1920ರಿಂದ ಬಯಲಲ್ಲೇ ಐಸ್ ರಿಂಕ್ ಇದೆ, ಆದರೆ ಅದು ಚಳಿಗಾಲದಲ್ಲಿ ಮಾತ್ರ. ಇಲ್ಲಿ ಮಾಲ್ ಒಳಗೆ ಮೇ ತಿಂಗಳಲ್ಲೂ ಸ್ವೆಟರ್ ಹಾಕ್ಕೊಂಡು ಸ್ಕೇಟ್ ಮಾಡಬಹುದು.

ಮೊದಲ ಕ್ಲಾಸಲ್ಲಿ ಕೋಚ್ ಕಲಿಸಿದ್ದು ಬೀಳೋದನ್ನ. ಮೊಣಕಾಲು ಬಗ್ಗಿಸಿ ಪಕ್ಕಕ್ಕೆ ಕೂತ ಹಾಗೆ ಬೀಳಬೇಕು. ಕೈ ಊರಬಾರದು. ಬಿದ್ದ ಕೂಡಲೇ ಬೆರಳು ಮಡಚಿಕೊಳ್ಳಬೇಕು, ಬೇರೆಯವರ ಬ್ಲೇಡ್ ತಾಗದ ಹಾಗೆ. ಪಕ್ಕದಲ್ಲಿ ಏಳು ವರ್ಷದ ಮಕ್ಕಳು ನಗ್ತಾ ನಗ್ತಾ ಬೀಳ್ತಿದ್ರು. ನಾನು ಗೋಡೆ ಬಿಡಲೇ ಇಲ್ಲ.

ಗೋಡೆ ಬಿಡೋಕೆ ಒಂದು ತಿಂಗಳು ಬೇಕಾಯ್ತು. ಒಂದೇ ಕಾಲಲ್ಲಿ ಜಾರೋಕೆ ಇನ್ನೂ ಮೂರು ತಿಂಗಳು. ಮನೆಯಲ್ಲಿ ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಂತು ರೂಢಿ ಮಾಡಿಕೊಂಡೆ. ಸ್ಕೇಟಿನ ಬ್ಲೇಡ್ ಚಾಕುವಿನ ಹಾಗೆ ಒಂದೇ ಅಂಚಿನದಲ್ಲ. ನಡುವೆ ಸಣ್ಣ ತಗ್ಗು, ಒಳಗೊಂದು ಅಂಚು, ಹೊರಗೊಂದು ಅಂಚು. ಹೊರ ಅಂಚಿನ ಮೇಲೆ ಮುಂದೆ ಹೋಗ್ತಾ, ಅದೇ ಕಾಲಲ್ಲಿ ಗಕ್ಕನೆ ತಿರುಗಿ, ಒಳ ಅಂಚಿನ ಮೇಲೆ ಹಿಂದಕ್ಕೆ ಜಾರಿದ್ರೆ ಐಸ್ ಮೇಲೆ 3ರ ಆಕಾರ ಮೂಡುತ್ತೆ. ಅದಕ್ಕೇ ಅದರ ಹೆಸರು ‘ತ್ರೀ ಟರ್ನ್’. ಐಸ್ ಮೇಲೆ ಹೀಗೆ ಆಕಾರ ಬರೆಯೋದರಿಂದಲೇ ಈ ಆಟಕ್ಕೆ ಫಿಗರ್ ಸ್ಕೇಟಿಂಗ್ ಅಂತ ಹೆಸರು ಬಂದಿದ್ದು. ಭುಜ ಮೊದಲು ತಿರುಗಬೇಕು, ಕಾಲು ಕೊನೆಗೆ. ಮಕ್ಕಳಿಗೆ ಎರಡು ವಾರದಲ್ಲಿ ಬಂತು.

ನಾನು ಎಂಟನೇ ವಾರ, ಕಾಲು ನೋಡ್ತಾ ತಿರುಗೋಕೆ ಹೋಗಿ ಬಿದ್ದೆ. ಕಲಿತಿದ್ದೆಲ್ಲ ಮರೆತು ಕೈ ಊರಿದೆ. ಬಲ ಮಣಿಕಟ್ಟು ಮುರೀತು. ಆರು ವಾರ ಪ್ಲಾಸ್ಟರ್.

ಅದೇ ಹೊತ್ತಿಗೆ ಸಿಂದಗಿಯಿಂದ ಒಂದು ಸಂಬಂಧ ಬಂದಿತ್ತು. ಬಾತ್‌ರೂಮಲ್ಲಿ ಜಾರಿದೆ ಅಂತ ಮನೆಗೆ ಸುಳ್ಳು ಹೇಳಿದೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಸ್ಕೇಟ್ಸ್ ಕಪಾಟಿನಲ್ಲೇ ಇತ್ತು. ಆಫೀಸಲ್ಲಿ ಕೇಳಿದವರಿಗೆ “ಮನೇಲಿ ಬೇಡ ಅಂದ್ರು” ಅಂತಿದ್ದೆ. ಮನೆಯವರು ಹಾಗಂದಿರಲಿಲ್ಲ. ಅವರಿಗೆ ವಿಷಯವೇ ಗೊತ್ತಿರಲಿಲ್ಲ!

ಒಂದು ಭಾನುವಾರ ತಡೆಯೋಕಾಗದೆ ಅವ್ವನಿಗೆ ಎಲ್ಲ ಹೇಳಿಬಿಟ್ಟೆ.

“ಐಸಿನ ಮ್ಯಾಲ? ಈ ವಯಸ್ಸಿನ್ಯಾಗ? ಹುಚ್ಚು ಹಿಡದೈತೇನ್ ನಿನಗ?” ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದಳು.

“ಮುದ್ದೇಬಿಹಾಳದಾಗ ಇದ್ದಾಗ ನಮ್ಮಣ್ಣನ ಸೈಕಲ್ ಕದ್ದು ಕಲೀತಿದ್ದೆ. ಒಂದಿನ ಬೇಲ್ಯಾಗ ಬಿದ್ದೆ. ನಿಮ್ಮ ಮುತ್ಯಾ ಬೈದು ಬಿಡಿಸಿದ್ರು ಅಂತ ನಿಮಗೆಲ್ಲ ಹೇಳ್ತಿದ್ನಲ್ಲ, ಅದು ಸುಳ್ಳವ್ವ. ಅವರು ಏನೂ ಅಂದಿದ್ದಿಲ್ಲ. ನಾನೇ ಅಂಜಿ ಮತ್ತ ಹತ್ತಲಿಲ್ಲ.”

ನಮ್ಮ ವಿಜಯಪುರ ಜಿಲ್ಲೆ ಸೈಕಲಿಸ್ಟುಗಳಿಗೆ ಹೆಸರುವಾಸಿ. ಅಂಥ ಜಿಲ್ಲೆಯಲ್ಲಿದ್ದೂ ಅವ್ವ ಇವತ್ತಿಗೂ ಬಸವನ ಬಾಗೇವಾಡಿ ಜಾತ್ರೆಗೆ, ಪಕ್ಕದ ಓಣಿಯ ಕಿರಾಣಿ ಅಂಗಡಿಗೆ, ಎಲ್ಲಿಗೇ ಹೋಗಬೇಕಂದ್ರೂ ಯಾರಾದ್ರೂ ಕರೆದುಕೊಂಡು ಹೋಗಲಿ ಅಂತ ಕಾಯ್ತಾಳೆ. ನಾವಿಬ್ಬರೂ ಹೇಳಿದ ಸುಳ್ಳು ಒಂದೇ ಅಂತ ಆಗ ಹೊಳೀತು: ನಮ್ಮ ಅಂಜಿಕೆಗೆ ಮನೆಯವರ ಹೆಸರಿಟ್ಟಿದ್ವಿ.

ಮುಂದಿನ ಶನಿವಾರ ಮಣಿಕಟ್ಟಿಗೆ ಗಾರ್ಡ್ ಕಟ್ಟಿಕೊಂಡು ಹೋದೆ. ಕೋಚ್ ಮತ್ತೆ ಬೀಳೋದರಿಂದಲೇ ಶುರು ಮಾಡಿಸಿದರು. ಈ ಸಲ ನಾಚಿಕೆ ಆಗಲಿಲ್ಲ. ಜರ್ಮನಿಯ ಒಬರ್ಸ್ಟ್‌ಡಾರ್ಫ್‌ನಲ್ಲಿ ವಯಸ್ಕರಿಗಂತಲೇ ಅಂತರರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಸ್ಪರ್ಧೆ ನಡೆಯುತ್ತೆ, 60 ದಾಟಿದವರೂ ಇಳೀತಾರೆ. ನಾನು ಅಲ್ಲಿಗೆ ಹೋಗ್ತೀನಿ ಅಂತಲ್ಲ. ತಡ ಆಯ್ತು ಅನ್ನೋ ನೆಪ ನಡೆಯಲ್ಲ, ಅಷ್ಟೇ.

ಈಗ ಎಡಗಾಲಿನ ತ್ರೀ ಟರ್ನ್ ಐದರಲ್ಲಿ ಮೂರು ಸಲ ಸರಿ ಬರುತ್ತೆ. ಬಲಗಾಲಿಂದು ಇನ್ನೂ ಇಲ್ಲ. ಸಿಂದಗಿಯವರಿಗೂ ಇದ್ದಿದ್ದು ಇದ್ದ ಹಾಗೇ ಹೇಳಿದ್ವಿ. ಅವರಿಂದ ಇನ್ನೂ ಉತ್ತರ ಬಂದಿಲ್ಲ.

ಅವ್ವ ಮಾತ್ರ ಪ್ರತಿ ಭಾನುವಾರ ಫೋನ್ ಎತ್ತಿದ ಕೂಡಲೇ ಕೇಳ್ತಾಳೆ: “ಬಲಗಾಲಿಂದು ಬಂತೇನವ್ವ?”