ನುವಾರ ಎಲಿಯ ಮತ್ತು ಪಾಟಿಯ ತೋಟ

ಶ್ರೀಲಂಕಾ ಪ್ರವಾಸದ ಬಗ್ಗೆ ಬರೀತೇನೆ ಬರೀತೇನೆ ಅಂತ ವರ್ಷಗಳೇ ಕಳೆದವು. ಹೋಗಿದ್ದು 2018ರ ಜನವರಿಯಲ್ಲಿ. 2025ರ ನವೆಂಬರ್ ಕೊನೆಗೆ ದಿತ್ವಾ ಚಂಡಮಾರುತ ಬಂದು ಅಲ್ಲಿನ ಗುಡ್ಡಗಳು ಕುಸಿದಾಗ ಸುಳ್ಯದಿಂದ ಗೆಳೆಯನ ಫೋನ್ ಬಂತು. "ನೀನು ಹೋಗಿದ್ದೆಯಲ್ಲ, ಆ ಜಾಗ ಉಂಟಾ, ಹೋಯ್ತಾ ಮಾರಾಯ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ತಲೆಯಲ್ಲಿ ಕೊರೆಯುತ್ತಿದೆ, ಅದಕ್ಕೇ ಕೂತಿದ್ದೇನೆ.

ಎಲ್ಲರೂ ಕೇಳುವುದನ್ನು ಮೊದಲು ಹೇಳಿ ಮುಗಿಸ್ತೇನೆ. ಸಿಗಿರಿಯ ಹತ್ತಿದೆವು. 5ನೇ ಶತಮಾನದಲ್ಲಿ ಕಾಶ್ಯಪ ಎಂಬ ರಾಜ ಬಂಡೆಯ ನೆತ್ತಿಯ ಮೇಲೆ ಕಟ್ಟಿಸಿದ ಅರಮನೆ. ಅರ್ಧ ದಾರಿಯಲ್ಲಿ ಸಿಗುವ ಕನ್ನಡಿ ಗೋಡೆಯ ಮೇಲೆ ಸಾವಿರ ವರ್ಷಗಳ ಹಿಂದಿನ ಪ್ರವಾಸಿಗರು ಪದ್ಯ ಗೀಚಿ ಹೋಗಿದ್ದಾರೆ. ಹಂಪಿಯಲ್ಲಿ ಹೆಸರು ಕೆತ್ತುವವರಿಗೆ ನಾವು ಬೈತೇವೆ, ಇಲ್ಲಿ ಅದೇ ಪರಂಪರೆ! ಅಮ್ಮ ಕೆಳಗೇ ಕೂತಿದ್ದರು. ಅವರಿಗೆ ಬೇಕಾಗಿದ್ದು ಸೀತಾ ಎಲಿಯದ ದೇವಸ್ಥಾನ. ಹನುಮಂತನ ಹೆಜ್ಜೆ ಅಂತ ತೋರಿಸುವ ಗುಳಿಗಳಿಗೆ ಕೈ ಮುಗಿದು, "ಇಷ್ಟು ಚಳಿಯಲ್ಲಿ ಪಾಪ ಸೀತೆ ಹೇಗಿದ್ದಳೋ" ಅಂದರು. ಇನ್ನು ಆ ರೈಲು... ಕ್ಯಾಂಡಿಯಿಂದ ಎಲ್ಲ ಎಂಬ ಊರಿನ ಕಡೆ ಹೋಗುವ ನೀಲಿ ರೈಲು. ಬಾಗಿಲಲ್ಲಿ ಕೂತು ಕಾಲು ಇಳಿಬಿಟ್ಟರೆ ಎರಡೂ ಕಡೆ ಚಹಾ ತೋಟ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ಮೋಡ. ಫೋಟೋಗಳಲ್ಲಿ ನೋಡಿದ್ದಕ್ಕಿಂತ ಚೆಂದ, ಸುಳ್ಳಲ್ಲ.

ಆದರೆ ಆ ತೋಟಗಳನ್ನು ಬರೀ ಚೆಂದ ಅಂತ ನೋಡಲು ನನಗೆ ಆಗಲಿಲ್ಲ.

ನಾನು ಬೆಳೆದಿದ್ದು ಸುಳ್ಯದ ಹತ್ತಿರ. ಅಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳುಂಟು, ಅವುಗಳ ಪಕ್ಕ ಕಾಲೋನಿಗಳು. ಸಿಲೋನಿನಿಂದ ಬಂದ ತಮಿಳರು. ಬ್ರಿಟಿಷರು ಮೊದಲು ಕಾಫಿಗೆ, ಅದಕ್ಕೆ ರೋಗ ಬಡಿದ ಮೇಲೆ ಚಹಾಕ್ಕೆ ಅಂತ ಇವರ ಹಿರಿಯರನ್ನು ತಮಿಳುನಾಡಿನಿಂದ ಆ ಬೆಟ್ಟಗಳಿಗೆ ಕರೆದುಕೊಂಡು ಹೋಗಿದ್ದರು. 1948ರಲ್ಲಿ ಸ್ವತಂತ್ರ ಸಿಲೋನ್ ಮಾಡಿದ ಪೌರತ್ವ ಕಾಯಿದೆಯಿಂದ ಇವರಲ್ಲಿ ಹೆಚ್ಚಿನವರಿಗೆ ದೇಶವೇ ಇಲ್ಲದಂತಾಯಿತು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಒಪ್ಪಂದ ಮಾಡಿಕೊಂಡರು: 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೆ, ಉಳಿದ 1,50,000 ಜನರ ವಿಷಯ ಆಮೇಲೆ. (1974ರಲ್ಲಿ ಅವರನ್ನೂ ಅರ್ಧರ್ಧ ಹಂಚಿಕೊಂಡರು. ಗದ್ದೆ ಪಾಲು ಮಾಡಿದ ಹಾಗೆ.)

ನನ್ನ ಗೆಳೆಯನ ಪಾಟಿ ಈ ಕಡೆಯ ಪಾಲಿಗೆ ಬಂದವಳು. ಅವಳ ತಂಗಿ ಅಲ್ಲೇ ಉಳಿದಳು. ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದ ಕಥೆಯನ್ನು ಪಾಟಿ ಗೆರಟೆಗಳಲ್ಲಿ ರಬ್ಬರ್ ಹಾಲು ತುಂಬುವುದನ್ನು ಕಾಯುತ್ತಾ ಹೇಳುತ್ತಿದ್ದಳು, ಅರ್ಧ ತಮಿಳು, ಅರ್ಧ ಕನ್ನಡ. ಶಾಲೆಯಲ್ಲಿ ನಾವು ಗೆಳೆಯನನ್ನು ಕರೆಯುತ್ತಿದ್ದುದು 'ಸಿಲೋನು' ಅಂತ. ಆ ಹೆಸರು ಇಟ್ಟವನು ನಾನೇ. ಅವನು ನಗುತ್ತಿದ್ದ. ಈಗ ಯೋಚಿಸಿದರೆ ಮತ್ತೇನು ಮಾಡುತ್ತಿದ್ದ ಪಾಪ.

ನಾನು ಹೊರಟಾಗ ಅವನು ಕೇಳಿದ್ದು ಒಂದೇ. "ಪಾಟಿಯ ತೋಟದ ಒಂದು ಫೋಟೋ ತಾ." ಪಾಟಿ ತೀರಿ ಆಗಲೇ ಹತ್ತು ವರ್ಷವಾಗಿತ್ತು. ಅವನಿಗೆ ಗೊತ್ತಿದ್ದುದು ಅವಳು ಹೇಳುತ್ತಿದ್ದ ತೋಟದ ಹೆಸರು ಮಾತ್ರ. ಅಲ್ಲಿ ಹೋದ ಮೇಲೆ ತಿಳಿಯಿತು, ತೋಟಗಳಿಗೆ ಎರಡೆರಡು ಹೆಸರು. ಬೋರ್ಡಿನಲ್ಲಿ, ಮ್ಯಾಪಿನಲ್ಲಿ ಇಂಗ್ಲಿಷ್ ದೊರೆಗಳಿಟ್ಟದ್ದು, ಕೆಲಸದವರ ಬಾಯಲ್ಲಿ ತಮಿಳಿನದ್ದು. ನಮ್ಮ ಡ್ರೈವರ್ ಸಿಂಹಳದವನು, ಪಾಟಿ ಹೇಳಿದ ಹೆಸರನ್ನು ಕೇಳಿಯೇ ಇರಲಿಲ್ಲ. ನುವಾರ ಎಲಿಯದ ಸುತ್ತ ಅರ್ಧ ದಿನ ಅಲೆದೆವು. ಅಮ್ಮನಿಗೆ ಸುಸ್ತು, ನನ್ನವಳಿಗೆ ಸಿಟ್ಟು.

ಕೊನೆಗೆ ಒಂದು ತಿರುವಿನಲ್ಲಿ ಚಹಾ ಚಿಗುರಿನ ಮೂಟೆ ತೂಗಿಸಿ ಬರುತ್ತಿದ್ದ ಅಜ್ಜಿಯೊಬ್ಬರನ್ನು ನನ್ನ ಹರಕು ತಮಿಳಿನಲ್ಲಿ ಕೇಳಿದೆ. ಆ ಹೆಸರಿನ ತೋಟ ಎರಡುಂಟು, ಒಂದು ಆಚೆ ಬೆಟ್ಟದಲ್ಲಿ, ಇನ್ನೊಂದು ಬದುಳ್ಳೆಯ ಕಡೆ ಅಂದರು. ಆಮೇಲೆ ಅವರೇ ಕೇಳಿದರು, ನೀವು ಇಂಡಿಯಾದವರಾ ಅಂತ. ಅವರ ಅಣ್ಣನೂ ಹೋಗಿದ್ದನಂತೆ. ನಾಲ್ಕು ಕಾಗದ ಬಂತು, ಆಮೇಲೆ ನಿಂತಿತು. ಯಾವ ಊರು ಅಂದೆ. "ಇಂಡಿಯಾ" ಅಂದರು.

ಆಚೆ ಬೆಟ್ಟಕ್ಕೆ ಹೋಗುವಷ್ಟು ಹೊತ್ತು ಇರಲಿಲ್ಲ. ಅಜ್ಜಿಯ ಅಪ್ಪಣೆ ಕೇಳಿ ಅವರಿದ್ದ ಲಯದ್ದೇ ಫೋಟೋ ತೆಗೆದೆ. ಲಯ ಅಂದರೆ ಸಾಲು ಮನೆ. ಉದ್ದಕ್ಕೆ ಒಂದೇ ತಗಡಿನ ಮಾಡು, ಒಂದೊಂದು ಬಾಗಿಲಿಗೆ ಒಂದೊಂದು ಸಂಸಾರ, ಹೊರಗೆ ಹಗ್ಗದ ಮೇಲೆ ಬಟ್ಟೆ. ರಾತ್ರಿ ಹೋಟೆಲ್ಲಿನ ವೈಫೈಯಲ್ಲಿ ಗೆಳೆಯನಿಗೆ ಕಳಿಸಿದೆ, ಇದು ಪಾಟಿಯದ್ದಲ್ಲ, ಯಾರದ್ದೋ ಅಂತ ಬರೆದು.

ತುಂಬಾ ಹೊತ್ತಿನ ಮೇಲೆ ಉತ್ತರ ಬಂತು. "ನಮ್ಮ ಕಾಲೋನಿಯ ಹಾಗೇ ಉಂಟಲ್ಲ ಮಾರಾಯ."